ನೀಲಿ ಕೆಂಪಾಗುವುದು

"ಆಮ್ಲ ನೀಲಿ ಲಿಟ್ಮಸ್ಸನ್ನ ಕೆಂಪು ಮಾಡುತ್ತೆ. ಸರಿ ಉತ್ತರ ಬಿ," ಎಂದು ಟೀಚರು ಓದಿದಾಗ ಅವಳ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ಅವಳು ಗುರುತು ಹಾಕಿದ್ದು ಎ. ಅಂದಾಜಿನ ಮೇಲೆ ಹಾಕಿದ್ದಲ್ಲ, ಎದೆ ತಟ್ಟಿ ಹೇಳುವಷ್ಟು ಖಾತ್ರಿಯಾಗಿ ಹಾಕಿದ್ದು. ಪಾಪ, ಚಿಕ್ಕ ವಯಸ್ಸಿನ ಟೀಚರು, ಬಾಯಿ ತಪ್ಪಿರಬೇಕು ಎಂದುಕೊಂಡು ಸುತ್ತ ನೋಡಿದಳು. ಕೋಚಿಂಗ್ ತರಗತಿಯ ಉದ್ದನೆಯ ಕೋಣೆಯಲ್ಲಿ ಯಾರೂ ತಲೆ ಎತ್ತಿರಲಿಲ್ಲ. ಹುಡುಗ ಹುಡುಗಿಯರೆಲ್ಲ ತಮ್ಮ ತಮ್ಮ ಹಾಳೆಯಲ್ಲಿ ಸರಿ ಗುರುತು ಎಳೆದುಕೊಂಡು ಮುಂದಿನ ಉತ್ತರಕ್ಕೆ ಕಾದಿದ್ದರು.

"ಹೃದಯದಿಂದ ರಕ್ತ ಹೊರಗೆ ಒಯ್ಯೋದು ಅಪಧಮನಿ." ಅವಳು ಅಭಿಧಮನಿ ಎಂದು ಬರೆದಿದ್ದಳು. "ಪರಮಾಣು ಸಂಖ್ಯೆ ಅಂದ್ರೆ ಪ್ರೋಟಾನ್‌ಗಳ ಸಂಖ್ಯೆ ಮಾತ್ರ." ಅದೂ ತಪ್ಪು. ಗೊತ್ತಿಲ್ಲದೆ ಬಿಟ್ಟ ಪ್ರಶ್ನೆ ಒಂದೂ ಇರಲಿಲ್ಲ. ಎಲ್ಲವೂ ಗೊತ್ತಿದ್ದೇ ತಪ್ಪಾಗುತ್ತಿದ್ದವು. ಬರುವಾಗ ಪಕ್ಕದ ಹುಡುಗಿ, "ಆಂಟಿ, ಮಗಳನ್ನ ಬಿಡೋಕೆ ಬಂದ್ರಾ?" ಎಂದು ಕೇಳಿದ್ದಕ್ಕೆ ನಗುತ್ತಾ, "ಇಲ್ಲಮ್ಮ, ನಾನೇ ಬರೆಯೋಳು," ಎಂದಿದ್ದಳು. ಈಗ ಆ ಹುಡುಗಿಗೆ ಕಾಣದಂತೆ ಹಾಳೆಯ ಮೇಲೆ ಮೊಣಕೈ ಇಟ್ಟುಕೊಂಡಳು.

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ವಾರ್ಡುಗಳಿಂದ ಬಂದ ಹಾಸಿಗೆ ಬಟ್ಟೆಗಳನ್ನು ಬೇರ್ಪಡಿಸಿ, ಕಲೆ ತಿಕ್ಕಿ, ಯಂತ್ರಕ್ಕೆ ತುಂಬಿ, ಒಣಗಿಸಿ ಮಡಿಸುವುದು. ಬ್ಲೀಚಿಂಗ್ ಪುಡಿಯಿಂದ ಬೆರಳ ತುದಿಗಳು ಸಿಪ್ಪೆ ಎದ್ದು, ಹಾಜರಿ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯದೆ ದಿನವೂ ಸತಾಯಿಸುತ್ತಿತ್ತು. ಮಡಿಸಿದ ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುವ ದಾರಿಯಲ್ಲಿ ಔಷಧಿ ವಿಭಾಗದ ಗಾಜಿನ ಕಿಟಕಿ ಸಿಗುತ್ತಿತ್ತು. ಒಳಗೆ ಬಿಳಿ ಕೋಟು ಹಾಕಿದ ಹೆಂಗಸೊಬ್ಬಳು ಚೀಟಿ ಓದಿ, ಕಪಾಟಿನಿಂದ ಡಬ್ಬಿ ತೆಗೆದು, ರೋಗಿಗೆ ಅರ್ಥವಾಗುವವರೆಗೂ ನಿಧಾನವಾಗಿ ಹೇಳಿಕೊಡುತ್ತಿದ್ದಳು. ಜನ ಅವಳ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆ ಕಿಟಕಿಯ ಒಳಗಡೆ ನಿಲ್ಲಬೇಕು ಎಂಬ ಆಸೆಯನ್ನು ಅವಳು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗೆಪಾಟಲು. ಹೈಸ್ಕೂಲು ಮುಗಿಸುವಾಗಲೇ ವಿಜ್ಞಾನಕ್ಕೆ ಕೈ ಮುಗಿದು ಹೊರಬಂದವಳು ಅವಳು.

ಫಾರ್ಮಸಿ ಕಾಲೇಜಿನವರು ವಿಜ್ಞಾನ ಓದದವರೂ ಪ್ರವೇಶ ಪರೀಕ್ಷೆ ಬರೆಯಬಹುದು ಎಂದು ಪ್ರಕಟಿಸಿದಾಗ ಅವಳ ವಯಸ್ಸಿನವರಿಗೆ ಅದೇ ಕೊನೆಯ ಅವಕಾಶವಾಗಿತ್ತು. ಲಾರಿ ಓಡಿಸುವ ಗಂಡ ಯಾವುದೋ ಹೆದ್ದಾರಿಯಿಂದ ಫೋನಿನಲ್ಲಿ, "ಕೋಚಿಂಗ್ ಗೀಚಿಂಗ್ ಯಾಕೆ? ಮನೇಲೇ ಅಪ್ಪ ಇದ್ದಾರಲ್ಲ. ಅವರ ಕೈಲಿ ಕಲಿತೋರು ಡಾಕ್ಟರಾಗಿದ್ದಾರೆ. ನಾನೊಬ್ಬ ತಪ್ಪಿಸ್ಕೊಂಡೆ ಅಷ್ಟೆ," ಎಂದು ನಕ್ಕಿದ್ದ.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ಅತ್ತೆ ಹೋದಮೇಲೆ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂತವರು, ಊಟಕ್ಕೆ ಕರೆದರೂ ಓಗೊಡುತ್ತಿರಲಿಲ್ಲ. "ಮಾವ, ನಂಗೆ ಪಾಠ ಹೇಳಿಕೊಡ್ತೀರಾ?" ಎಂದು ಅವಳು ಕೇಳಿದ ದಿನ ಅವರು ಮೊದಲು ಮಾಡಿದ ಕೆಲಸ ಗಡ್ಡ ಬೋಳಿಸಿಕೊಂಡದ್ದು. ಅಟ್ಟದ ಮೇಲಿಂದ ಕರಿಹಲಗೆ ಇಳಿಸಿ ನಡುಮನೆಯ ಗೋಡೆಗೆ ತೂಗುಹಾಕಿಸಿದರು. ಅವಳು ಕೆಲಸದಿಂದ ಬರುವ ಹೊತ್ತಿಗೆ ಇಸ್ತ್ರಿ ಅಂಗಿ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಸೀಮೆಸುಣ್ಣ ಹಿಡಿದು ನಿಂತಿರುತ್ತಿದ್ದರು. "ಲೇಟು," ಎನ್ನುತ್ತಿದ್ದರು. ಅವಳಿಗೆ ಅದು ಆಶೀರ್ವಾದದಂತೆ ಕೇಳುತ್ತಿತ್ತು.

ಪುಸ್ತಕದಲ್ಲಿ ಇದ್ದದ್ದು ಒಂದು, ಮಾವ ಹೇಳಿದ್ದು ಒಂದು ಎಂದು ಅವಳಿಗೆ ಅನ್ನಿಸಿರಲಿಲ್ಲವೇ? ಅನ್ನಿಸಿತ್ತು. ಒಮ್ಮೆ ತೋರಿಸಿಯೂ ಇದ್ದಳು. ಅವರು ಕನ್ನಡಕ ಏರಿಸಿ ನೋಡಿ, "ಅಚ್ಚಿನ ತಪ್ಪು ಕಣಮ್ಮ. ಈಗಿನ ಪುಸ್ತಕ ಬರೆಯೋರು ಯಾರೂ ಪಾಠ ಮಾಡಿದೋರಲ್ಲ," ಎಂದು ಕೆಂಪು ಶಾಯಿಯಲ್ಲಿ ಅದನ್ನು ತಿದ್ದಿಕೊಟ್ಟಿದ್ದರು. ಆಮೇಲಾಮೇಲೆ ಪುಟ ಪುಟದಲ್ಲೂ ಕೆಂಪು ಶಾಯಿ. ಇನ್ನೊಮ್ಮೆ, ಬ್ಲೀಚಿಂಗ್ ಪುಡಿಗೆ ಆಮ್ಲ ಬಿದ್ದರೆ ಉಪ್ಪು ನೀರಾಗುತ್ತದೆ, ಮತ್ತೇನೂ ಆಗುವುದಿಲ್ಲ ಎಂದರು. ಒಗೆಯುವ ಕೋಣೆಯಲ್ಲಿ ಯಾರೋ ಪುಡಿಯ ಬಕೆಟ್ಟಿಗೆ ಕಕ್ಕಸು ತೊಳೆಯುವ ಆಸಿಡ್ ಸುರಿದು, ಎಲ್ಲರೂ ಉಸಿರು ಕಟ್ಟಿ ಕೆಮ್ಮುತ್ತ ಅಂಗಳಕ್ಕೆ ಓಡಿದ ದಿನ ಅವಳೂ ಅಲ್ಲಿದ್ದಳು. ವಾರವಿಡೀ ಗಂಟಲು ಉರಿದಿತ್ತು. ಆದರೂ ಉಪ್ಪು, ನೀರು ಎಂದೇ ಬಾಯಿಪಾಠ ಮಾಡಿದಳು. ತನ್ನ ಗಂಟಲನ್ನು ನಂಬಲಿಲ್ಲ, ಮಾವನನ್ನು ನಂಬಿದಳು.

ಪರೀಕ್ಷೆಗೆ ಇನ್ನು ಮೂರು ವಾರವಿದೆ ಎನ್ನುವಾಗ, ಕೋಚಿಂಗ್ ತರಗತಿಯವರು ಮಾದರಿ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದು ಎಂದದ್ದು ಕೇಳಿ, ಸುಮ್ಮನೆ ತನ್ನ ತಾಕತ್ತು ನೋಡಿಕೊಳ್ಳಲು ಬಂದಿದ್ದಳು.

ಎಲ್ಲರೂ ಹೋದಮೇಲೆ ಟೀಚರು ಅವಳ ಹಾಳೆಯನ್ನು ತೆಗೆದು ನೋಡಿದರು. "ಇದೇನ್ರೀ ಇದು? ಗೊತ್ತಿಲ್ದೆ ಬರೆದ ಹಾಗಿಲ್ಲ. ಯಾರೋ ಕೂತು ಎಲ್ಲಾ ತಿರುಗುಮುರುಗು ಮಾಡಿ ಹೇಳಿಕೊಟ್ಟ ಹಾಗಿದೆ. ಯಾರು ನಿಮ್ಮ ಮೇಷ್ಟ್ರು?"

"ಯಾರೂ ಇಲ್ಲ ಮೇಡಂ. ನಾನೇ ಓದ್ಕೊಂಡಿದ್ದು."

"ಏನೂ ಗೊತ್ತಿಲ್ದೋರಿಗೆ ಕಲಿಸಬಹುದು. ತಪ್ಪು ಕಲಿತೋರಿಗೆ ಮೊದಲು ಮರೆಸಬೇಕು. ಮೂರು ವಾರದಲ್ಲಿ..." ಟೀಚರು ಹಾಳೆಯನ್ನು ಮಡಿಸಿ ಅವಳ ಕೈಗೆ ಕೊಟ್ಟರು. ಒಳ್ಳೆಯ ಮನಸ್ಸಿನ ಹುಡುಗಿ.

ಮನೆಯ ದಾರಿಯುದ್ದಕ್ಕೂ ಅವಳಿಗೆ ಒಂದೊಂದಾಗಿ ನೆನಪಾಯಿತು. ಮಾವ ಊಟ ಮಾಡಿ ಕೈ ಒರೆಸಿಕೊಂಡ ಮೇಲೆ, "ಊಟ ಆಯ್ತಾ ನಂದು?" ಎಂದು ಕೇಳಿದ್ದು. ವಾಯುವಿಹಾರಕ್ಕೆ ಹೋದವರನ್ನು ಹಿಂದಿನ ಬೀದಿಯ ದರ್ಜಿ ಕೈ ಹಿಡಿದು ಕರೆತಂದು ಬಿಟ್ಟದ್ದು. ಹಾಗೆ ಕರೆತಂದ ಸಂಜೆಯೂ ಅವಳು ಪುಸ್ತಕ ತೆರೆದು ಅವರ ಮುಂದೆ ಕೂತಿದ್ದಳು. ಕಣ್ಣಿಗೆ ಕಾಣದ್ದೇನೂ ಇರಲಿಲ್ಲ. ಕಂಡರೆ ಪಾಠ ನಿಂತುಹೋಗುತ್ತಿತ್ತು, ಅದಕ್ಕೇ ನೋಡಿರಲಿಲ್ಲ.

ಬಾಗಿಲಲ್ಲೇ ಕಾಯುತ್ತಿದ್ದರು ಮಾವ. "ಹೇಗಾಯ್ತಮ್ಮ? ನೂರಕ್ಕೆ ನೂರು ತಾನೆ?"

ಅವಳು ಚಪ್ಪಲಿ ಬಿಟ್ಟು, ಮುಖ ತೊಳೆದು ಬಂದು, ಆದಷ್ಟು ಹಗುರವಾಗಿ ಹೇಳಿದಳು: "ಅಲ್ಲಿ ಟೀಚರು ಆಮ್ಲ ನೀಲಿಯನ್ನ ಕೆಂಪು ಮಾಡುತ್ತೆ ಅಂದ್ರು ಮಾವ."

ಅವರು ಹಲಗೆಯ ಕಡೆ ತಿರುಗಿದರು. ಅಲ್ಲಿ ಹಿಂದಿನ ದಿನದ ಪಾಠ ಅವರದೇ ಮುದ್ದಾದ ಅಕ್ಷರದಲ್ಲಿ ಹಾಗೇ ಇತ್ತು. ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಯಾರದೋ ಮನೆಗೆ ತಪ್ಪಿ ನುಗ್ಗಿದವರ ಮುಖ ಹೇಗಿರುತ್ತದೋ ಹಾಗಾಯಿತು ಅವರ ಮುಖ. ಸೀಮೆಸುಣ್ಣ ಹಿಡಿದ ಕೈ ಅಂಗಿಯ ಗುಂಡಿಗಳನ್ನು ಮೇಲಿಂದ ಕೆಳಗೆ ಮುಟ್ಟಿ ನೋಡಿಕೊಂಡಿತು.

"ನಾನೂ ಹಾಗೇ ತಾನೆ ಹೇಳಿದ್ದು?" ಎಂದರು. ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

"ಹೌದು ಮಾವ. ನೀವೂ ಹಾಗೇ ಹೇಳಿದ್ದು. ನಾನೇ ತಿರುಗಿಸಿ ಬರ್ಕೊಂಡೆ."

ಅವರು ಹಲಗೆ ಒರೆಸಲು ಹೋದರು. ಬಟ್ಟೆ ಕೈಯಲ್ಲೇ ಇದ್ದರೂ ಬಟ್ಟೆಗಾಗಿ ಹುಡುಕಿದರು. ಕೊನೆಗೆ ಅಂಗೈಯಿಂದಲೇ ಒರೆಸಿ, ಅವಳ ಕಡೆ ತಿರುಗದೆ, "ನಿನ್ನ ಗಂಡನಿಗೆ ಹೇಳಬೇಡಮ್ಮ," ಎಂದರು. "ಅವನು ಮೊದಲೇ ನನ್ನ ಮಾತು ಕೇಳದೋನು. ಹೇಳಬೇಡ."

"ಇಲ್ಲ ಮಾವ."

ಪುಸ್ತಕದಂಗಡಿಯಿಂದ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದು ಅವಳು ಒಗೆಯುವ ಕೋಣೆಯ ಹಿಂದೆ, ಬಟ್ಟೆಗಂಟುಗಳ ನಡುವೆ ಕೂತು ಓದಿದಳು. ಯಂತ್ರಗಳು ನೆಲವನ್ನೇ ನಡುಗಿಸುತ್ತಿದ್ದವು. ಮೇಲ್ವಿಚಾರಕಿ ಒಮ್ಮೆ ಇಣುಕಿ, "ಡಾಕ್ಟರಮ್ಮಾ, ಎರಡನೇ ವಾರ್ಡಿನ ದಿಂಬಿನ ಚೀಲ ಎಲ್ಲಿ?" ಎಂದು ಅಣಕಿಸಿ ಹೋದಳು. ಓದಿದ್ದು ತಲೆಗೆ ಹೋಗುತ್ತಿತ್ತು, ಅದೇ ತೊಂದರೆ. ಹೋಗಿ ಅಲ್ಲಿ ಮೊದಲೇ ಕಾಲು ಚಾಚಿ ಮಲಗಿದ್ದ ಮಾತಿನ ಪಕ್ಕ ಕೂರುತ್ತಿತ್ತು. ಹಳೆಯದು ಎದ್ದು ಜಾಗ ಬಿಡುತ್ತಿರಲಿಲ್ಲ. ಅದು ಮಾವನ ದನಿಯಲ್ಲಿತ್ತು, ಹೊಸದಕ್ಕೆ ದನಿಯೇ ಇರಲಿಲ್ಲ. ಸಂಜೆ ಮನೆಗೆ ಬಂದರೆ ಮಾವ ಗುಂಡಿ ಹಾಕಿಕೊಂಡು ನಿಂತಿರುತ್ತಿದ್ದರು. ಪಾಠ ಬೇಡ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಹಗಲು ಕಟ್ಟಿದ್ದನ್ನು ಸಂಜೆ ತಾನೇ ಕೂತು ಕೆಡವಿಸಿಕೊಂಡಳು.

ಪರೀಕ್ಷೆಯ ಕೋಣೆಯಲ್ಲಿ ಬೆಳಕು ಚೆನ್ನಾಗಿತ್ತು, ಕುರ್ಚಿ ಅಲುಗಾಡುತ್ತಿರಲಿಲ್ಲ, ಮೇಲ್ವಿಚಾರಕರು ನೀರು ಬೇಕಾ ಎಂದು ಕೂಡ ಕೇಳಿದರು. ದೂರಲು ಏನೂ ಇರಲಿಲ್ಲ. ಪ್ರಶ್ನೆಗಳೂ ಪರಿಚಯದವೇ. ಆದರೆ ಪ್ರತಿಯೊಂದಕ್ಕೂ ಎರಡೆರಡು ಉತ್ತರ ಒಂದೇ ಬಲದಲ್ಲಿ ಎದ್ದು ಬಂದವು. ಯಾವುದು ಪುಸ್ತಕದ್ದು, ಯಾವುದು ಮಾವನದು ಎಂದು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಗಂಟೆ ಹೊಡೆದಾಗ ಅರ್ಧಕ್ಕರ್ಧ ಖಾಲಿ ಉಳಿದಿತ್ತು.

ಕಾಲೇಜಿನ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಅವಳ ಸಂಖ್ಯೆ ಇರಲಿಲ್ಲ. ಅವಳು ಹಿಂದಿನ ಸಂಖ್ಯೆ, ಮುಂದಿನ ಸಂಖ್ಯೆ ಎರಡನ್ನೂ ಓದಿದಳು. ಆ ಇಬ್ಬರೂ ಪಾಸಾಗಿದ್ದರು. ಅಂದು ಸಂಜೆ ಗಂಡ ಫೋನು ಮಾಡಿದ. ಹಿಂದೆ ಲಾರಿಯ ಸದ್ದು ಕೇಳುತ್ತಿತ್ತು.

"ಏನಾಯ್ತೇ?"

"ಆಗ್ಲಿಲ್ಲ ರೀ."

"ಅಪ್ಪನಂಥೋರು ಮನೇಲಿ ಇದ್ದು, ದಿನಾ ಕೂರಿಸ್ಕೊಂಡು ಹೇಳಿಕೊಟ್ಟು, ಆದ್ರೂ ಆಗ್ಲಿಲ್ಲ ಅಂದ್ರೆ ಏನು ಹೇಳೋಣ? ಈ ವಯಸ್ಸಿನಲ್ಲಿ ಅವರನ್ನ ಅಷ್ಟು ಗೋಳು ಹೊಯ್ಕೊಂಡೆ. ನಿನಗೆ ಹತ್ತಲ್ಲ ಅಂತ ಮೊದಲೇ ಹೇಳಬಾರದಿತ್ತಾ?"

ಬಾಗಿಲಾಚೆ ಮಾವ ನಿಂತಿದ್ದರು. ಕೇಳಿಸಿಕೊಳ್ಳುತ್ತಿದ್ದರೋ, ಸುಮ್ಮನೆ ನಿಂತಿದ್ದರೋ ತಿಳಿಯಲಿಲ್ಲ.

"ಹೌದು ರೀ," ಎಂದಳು ಅವಳು. "ನಂಗೇ ಹತ್ತಲಿಲ್ಲ."

ಫೋನಿಟ್ಟು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ಬೆಳಗ್ಗೆ ಮತ್ತೆ ಬಟ್ಟೆ ಗಾಡಿ ತಳ್ಳಬೇಕು, ಮತ್ತೆ ಆ ಗಾಜಿನ ಕಿಟಕಿಯ ಮುಂದೆಯೇ ಹೋಗಬೇಕು. ಬೇರೆ ದಾರಿ ಇಲ್ಲ, ಲಿಫ್ಟು ಇರುವುದು ಆ ಕಡೆಗೇ. ಅಳು ಬರುತ್ತದೆಂದು ಕಾದಳು, ಬರಲಿಲ್ಲ.

"ಎಲ್ಲಿದ್ದೀಯಮ್ಮ? ಲೇಟಾಯ್ತು," ಎಂದು ನಡುಮನೆಯಿಂದ ಕರೆ ಬಂತು.

ಹೋಗಿ ನೋಡಿದರೆ ಮಾವ ಅಂಗಿ ಬದಲಿಸಿ, ಹಲಗೆಯ ಮುಂದೆ ಸಿದ್ಧರಾಗಿದ್ದರು. ಒಂದು ಗುಂಡಿ ತಪ್ಪಿ ಅಂಗಿಯ ಒಂದು ಬದಿ ಮೇಲಕ್ಕೆದ್ದಿತ್ತು. ಮುಖದಲ್ಲಿ ಆ ದಿನ ಕಂಡ ಹೆದರಿಕೆ ಇರಲಿಲ್ಲ, ಏನೂ ಇರಲಿಲ್ಲ, ತೊಳೆದಿಟ್ಟಂತಿತ್ತು.

"ಪರೀಕ್ಷೆ ಹತ್ರ ಬಂತು. ಮೊದಲಿಂದ ಒಂದ್ಸಲ ನೋಡಿಬಿಡೋಣ," ಎಂದರು. "ನನ್ನ ಕೈಲಿ ಓದಿದೋರು ಯಾರೂ ಫೇಲಾಗಿಲ್ಲ. ಕೂತ್ಕೋ."

ಅವಳು ಒದ್ದೆ ಕೈ ಒರೆಸಿಕೊಂಡು ಕೂತಳು. ಅವರು ಬರೆಯತೊಡಗಿದರು. ಆ ಅಕ್ಷರ ಈಗಲೂ ಮುದ್ದಾಗಿತ್ತು, ಸಾಲು ನೆಟ್ಟಗಿತ್ತು. ಸಾಲು ಹಲಗೆಯ ಅಂಚಿಗೆ ಬಂತು. ಅವರ ಕೈ ನಿಲ್ಲಲಿಲ್ಲ. ಮರದ ಚೌಕಟ್ಟನ್ನು ದಾಟಿ ಸುಣ್ಣ ಬಳಿದ ಗೋಡೆಯ ಮೇಲೆ ಸೀಮೆಸುಣ್ಣ ಹಾಗೇ ಮುಂದಕ್ಕೆ ಹೋಯಿತು, ಬಿಳಿಯ ಮೇಲೆ ಬಿಳಿ, ಸದ್ದು ಮಾತ್ರ ಕೇಳುತ್ತಿತ್ತು.