ಕ್ಲೋರಿಂಡಾಳ ತಂಗಿ

ನಾನು ಒಂದು ಬಿರುಗಾಳಿ. ಆಗಬೇಕಿದ್ದವಳು, ಅನ್ನಿ. ಆಫ್ರಿಕಾದ ಕಾದ ನೆಲದ ಮೇಲೆ ಗುಡುಗಾಗಿ ಹುಟ್ಟಿ, ಪಡುವಣ ಕರಾವಳಿ ದಾಟಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದೆ. ನನಗಿಂತ ಸ್ವಲ್ಪ ಮುಂಚೆ ಅದೇ ದಾರಿಯಲ್ಲಿ ಇಳಿದವಳು ನನ್ನ ಅಕ್ಕ. ಮೊದಲು ಹುಟ್ಟಿದ್ದೊಂದೇ ಅವಳ ಹೆಚ್ಚುಗಾರಿಕೆ, ನನ್ನನ್ನು ಕೇಳಿದರೆ!

ನಮ್ಮ ಜಾತಿಗೆ ಬೆಚ್ಚಗಿನ ಕಡಲೇ ತಾಯಿಹಾಲು. ಅದರ ಹಬೆ ಕುಡಿದು ಮೋಡ ಬೆಳೆಸಬೇಕು, ಬೆಳೆದಷ್ಟೂ ಸುತ್ತಬೇಕು, ಸುತ್ತಿದಷ್ಟೂ ಇನ್ನಷ್ಟು ಕುಡಿಯಬೇಕು. ಅಕ್ಕ ಕುಡಿದಳು ನೋಡಿ, ಗಟಗಟನೆ! ಅಡಿಯ ತಣ್ಣೀರೆಲ್ಲ ಮೇಲೆದ್ದು ಬರುವಂತೆ ಕಡಲನ್ನೇ ಕಡೆದು ಹೋದಳು. ಹಿಂದೆ ಬಂದ ನನ್ನ ಪಾಲಿಗೆ ಉಳಿದದ್ದು ಆ ತಣ್ಣೀರು ಮಾತ್ರ. ಎಲೆ ನೆಕ್ಕಿ ಎದ್ದವಳ ಜಾಗದಲ್ಲಿ ಊಟಕ್ಕೆ ಕೂತ ಹಾಗಾಯಿತು ನನ್ನ ಪಾಡು.

ಅವಳಿಗೆ ನಾಮಕರಣವೂ ಆಯಿತು. ಗಾಳಿ ಜೋರಾದರೆ ಹೆಸರಿಡುವುದು ಆ ಕಡೆಯ ಪದ್ಧತಿ. ಕ್ಲೋರಿಂಡಾ ಅಂತೆ! ಸುಳಿಯ ನಡುವೆ ಕಣ್ಣು ಬಿಟ್ಟಿದ್ದೇ ತಡ, ಹೆಣ್ಣು ನೋಡಲು ಬರುವವರ ಹಾಗೆ ಹವಾಮಾನ ಇಲಾಖೆಯ ಜನ ವಿಮಾನ ಹತ್ತಿ ಬಂದು, ಆ ಕಣ್ಣೊಳಗೇ ಹೊಕ್ಕು ನೋಡಿಕೊಂಡು ಹೋದರು. ರೇಡಿಯೋ ತುಂಬ ಅವಳದೇ ಮಾತು. ನನ್ನತ್ತ ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ಹೊಟ್ಟೆ ಉರಿದುಹೋಯಿತು.

ಇರಲಿ, ಕೆರಿಬಿಯನ್ ಕಡಲಿನ ಯಾವುದಾದರೂ ದ್ವೀಪದಲ್ಲಿ ಒಂದೇ ಒಂದು ಚಾವಣಿಯನ್ನಾದರೂ ಹಾರಿಸಿ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೋದೆ. ಸಿಕ್ಕಿದ್ದು ಮೀನುಗಾರರ ಪುಟ್ಟ ದ್ವೀಪ. ನೋಡಿದರೆ ಅಕ್ಕ ಆಗಲೇ ಬಂದುಹೋಗಿದ್ದಳು. ಹಾರಿಸಲು ಒಂದು ತಗಡನ್ನೂ ಉಳಿಸಿರಲಿಲ್ಲ. ದೋಣಿಗಳು ಇಗರ್ಜಿಯ ಅಂಗಳದಲ್ಲಿ ಮಗುಚಿ ಬಿದ್ದಿದ್ದವು. ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ. ಹೊಸ ಗೋರಿಗಳ ಪಕ್ಕದಲ್ಲಿ ಜನ ಸುಮ್ಮನೆ ಕೂತಿದ್ದರು.

ಒಡೆದ ಗೋಡೆಯೊಂದರ ಮರೆಯಲ್ಲಿ ಯೂಲಾಲಿ ಎಂಬ ಮುದುಕಿ, ಅವಳ ಸೊಸೆ ಮಿರ್ಟಿಲ್, ಸೊಸೆಯ ಪುಟ್ಟ ಮಗಳು. ಅಕ್ಕ ಎತ್ತಿ ತಂದ ಕಡಲು ಬಾವಿಗೆ ನುಗ್ಗಿ ಕುಡಿಯುವ ನೀರೆಲ್ಲ ಉಪ್ಪಾಗಿತ್ತು. ಮಗುವಿಗೆ ಜ್ವರ, ತುಟಿ ಒಣಗಿ ಬಿರಿದಿತ್ತು. ಅತ್ತರೂ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ.

ನನ್ನ ಮೋಡ ಕಂಡದ್ದೇ ಮಿರ್ಟಿಲ್ ಕಿರುಚಿದಳು, "ಅಯ್ಯೋ ಅತ್ತೆ, ಮತ್ತೆ ಬಂತು!"

ನನಗೆ ಎಂಥ ಹಿಗ್ಗು ಅಂತೀರಿ! ಆದರೆ ಬೀಸಲು ಹೋದರೆ ಉಸಿರೇ ಇಲ್ಲ. ಅಲ್ಲೇ ಕುಸಿದು ಮಳೆಯಾಗಿ ಸುರಿದುಬಿಟ್ಟೆ.

"ಕಿರುಚಿದ್ದು ಸಾಕು, ಪಾತ್ರೆ ತಗೊಂಡು ಬಾರೇ!" ಎಂದಳು ಯೂಲಾಲಿ. ನೆಗ್ಗಿದ ಪಾತ್ರೆಯೊಂದನ್ನು ನನಗೆ ಒಡ್ಡಿದಳು. ತುಂಬಿದೆ.

ಮಗುವಿನ ಬಾಯಿಗೆ ಲೋಟ ಹಿಡಿಯುತ್ತ ಮಿರ್ಟಿಲ್ ಕೇಳಿದಳು, "ಇದಕ್ಕೆ ಏನು ಹೆಸರಿಟ್ಟಿದ್ದಾರೋ, ಅತ್ತೆ?"

"ಇದಕ್ಕೆ ಹೆಸರಿಲ್ಲ ಕಣೇ. ಹೆಸರಿದ್ದವಳು ಮಾಡಿಹೋದದ್ದು ಸಾಲದೇ?"

ಈಗ ಆ ಪಾತ್ರೆಯ ತಳದಲ್ಲಿದ್ದೇನೆ. ಉಳಿದಿರುವುದು ಇಷ್ಟೇ. ಇಷ್ಟೊಂದು ಹಾಳು ಮಾಡಿದವಳ ಹೆಸರನ್ನು ಇನ್ನು ಯಾವ ಗಾಳಿಗೂ ಇಡುವುದಿಲ್ಲವಂತೆ. ಆ ಹೆಸರು ಎಂದೆಂದಿಗೂ ಅವಳೊಬ್ಬಳದೇ! ಅದಕ್ಕೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಮಗು ಲೋಟ ಬರಿದು ಮಾಡಿ, ತುಟಿ ಸವರಿಕೊಂಡು, "ಇನ್ನೂ ಬೇಕು" ಅಂದಿತು. ಅಕ್ಕನಿಗೆ ಯಾರಾದರೂ ಹಾಗೆ ಅಂದಿದ್ದಾರಾ, ಕೇಳಿ ನೋಡಿ!