ಡಿ ಡ್ರೈವಿನಲ್ಲಿಟ್ಟ ದನಿ

ಮೊದಲ ಸಲ ಆ ಸದ್ದು ಕೇಳಿದಾಗ ಅವಳು ಕಿಟಕಿಯ ಕಡೆ ನೋಡಿದಳು. ಯಾರೋ ಉಗುರಿನಿಂದ ಗಾಜು ತಟ್ಟಿದ ಹಾಗಿತ್ತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಸದ್ದು ಬರುತ್ತಿದ್ದುದು ಮೇಜಿನ ಕೆಳಗಿನಿಂದ, ಕಂಪ್ಯೂಟರಿನ ಡಬ್ಬದೊಳಗಿನಿಂದ. ಪರದೆಯ ತುಂಬ ಕಪ್ಪು, ಅದರ ಮೂಲೆಯಲ್ಲಿ ಒಂದೇ ಒಂದು ಬಿಳಿ ಸಾಲು: ಡಿಸ್ಕ್ ಸಿಗುತ್ತಿಲ್ಲ.

ಸಿಗದೆ ಎಲ್ಲಿಗೆ ಹೋಗುತ್ತದೆ, ನಿನ್ನೆ ತಾನೇ ಇತ್ತಲ್ಲ ಎಂದುಕೊಂಡು ಅವಳು ಸ್ವಿಚ್ ಆರಿಸಿದಳು. ಉಸಿರು ಬಿಗಿಹಿಡಿದು ಮತ್ತೆ ಹಾಕಿದಳು. ಟಕ್, ಟಕ್. ಮತ್ತೆ ಆರಿಸಿದಳು, ಮತ್ತೆ ಹಾಕಿದಳು. ಹಟ ಹಿಡಿದ ಮಗುವನ್ನು ಎಬ್ಬಿಸುವವಳಂತೆ ಡಬ್ಬದ ಬೆನ್ನು ತಟ್ಟಿದಳು. ಪ್ರತಿಸಲವೂ ಸದ್ದು ಇನ್ನಷ್ಟು ಒರಟಾಗುತ್ತ ಬಂತು. ಕೊನೆಕೊನೆಗೆ ಅದರೊಳಗೆ ಏನೋ ಕೆರೆದಂತೆ ಕೇಳಿಸಿದಾಗ ತಂತಿಯನ್ನೇ ಕಿತ್ತು ಹಾಕಿ ನೆಲದ ಮೇಲೆ ಕೂತುಬಿಟ್ಟಳು.

ಆ ಡಬ್ಬದೊಳಗೆ ಅವಳ ಗಂಡನ ದನಿ ಇತ್ತು.

ಗಂಡ ಸಗಟು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಮಂಡಿಯಲ್ಲಿ ಅವನನ್ನು ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದರು. ಅಷ್ಟು ದೊಡ್ಡ ಗಂಟಲು. ಆ ಗಂಟಲಿನಲ್ಲಿ ಗಂಟೊಂದು ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ದಿನ ಅವನು, "ಪ್ರಾಣ ಬೇಕಾದ್ರೆ ತೆಗೀರಿ, ಇದನ್ನ ಮುಟ್ಟಬೇಡಿ" ಎಂದು ಎದ್ದು ಬಂದಿದ್ದ. ಅವನನ್ನು ಒಪ್ಪಿಸಿದ್ದು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವಾಕೆ. ನೂರಾರು ವಾಕ್ಯಗಳನ್ನು ಈಗಲೇ ಓದಿ ಕಂಪ್ಯೂಟರಿನಲ್ಲಿ ತುಂಬಿಸಿಡಿ, ಆಮೇಲೆ ನೀವು ಬೆರಳಲ್ಲಿ ಬರೆದದ್ದನ್ನು ಯಂತ್ರ ನಿಮ್ಮ ದನಿಯಲ್ಲೇ ಆಡುತ್ತದೆ, ಎಲ್ಲ ಮುಗಿದ ಮೇಲೆ ಒಟ್ಟಿಗೆ ತಂದುಕೊಡಿ ಎಂದಿದ್ದಳು. ವಾಕ್ಯ ಕಡಿಮೆಯಾದರೆ ಹುಟ್ಟುವ ದನಿ ನಿಮ್ಮ ನೆಂಟರದ್ದೋ ಎನ್ನುವ ಹಾಗಿರುತ್ತದೆ, ನಿಮ್ಮದಾಗಿರುವುದಿಲ್ಲ ಎಂದೂ ಎಚ್ಚರಿಸಿದ್ದಳು. ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒಮ್ಮೆ ಮುಂದಕ್ಕೂ ಹಾಕಿಸಿದರು. ಇನ್ನೊಮ್ಮೆ ಮುಂದೆ ಹಾಕಿದರೆ ನನ್ನ ಹತ್ತಿರ ಬರಲೇಬೇಡಿ ಎಂದರು ಡಾಕ್ಟರು.

ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಅವನು ಓದಿದ. ಪಕ್ಕದಲ್ಲಿ ಕೂತು ಗುಂಡಿ ಒತ್ತಿದವಳು ಅವಳು. "ನಾಳೆ ಬಂದರಿಗೆ ಹಡಗು ಬರುತ್ತದೆ" ಎಂಬ ವಾಕ್ಯ ಬಂದಾಗ ಅವನು, "ಈ ಜನ್ಮದಲ್ಲಿ ಹಡಗು ಕಂಡೋನಲ್ಲ ನಾನು. ಗಂಟಲು ಹೋದ್ಮೇಲೆ ಹಡಗಿನ ವ್ಯಾಪಾರ ಮಾಡಲೇನೇ?" ಎಂದು ನಕ್ಕಿದ್ದ. ಆ ನಗುವೂ ಡಿಸ್ಕಿನಲ್ಲಿ ಸೇರಿಕೊಂಡಿತ್ತು.

ಇವತ್ತು ಬೆಳಿಗ್ಗೆ ಅವನನ್ನು ವಾರ್ಡಿಗೆ ಸೇರಿಸಿಕೊಂಡರು. ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಅವಳು ಹೊರಡುವಾಗ ಅವನು ಹೇಳಿದ್ದು ಒಂದೇ ಮಾತು: "ಅದನ್ನ ಫೋನಿಗೆ ಹಾಕ್ಕೊಂಡು ಬಾ. ನನ್ನ ಕಿವಿಯಲ್ಲಿ ಕೇಳಿದ್ಮೇಲೇ ನಾನು ಒಳಗೆ ಹೋಗೋದು."

ಅವಳು ಮೈದುನನಿಗೆ ಫೋನು ಮಾಡಿದಳು. ಅವನು ಗೋದಾಮಿನಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಾನೆ. ಹಿಂದಿನಿಂದ ಕಬ್ಬಿಣದ ಗದ್ದಲ ಕೇಳುತ್ತಿತ್ತು.

"ಅತ್ತಿಗೆ, ಜೋರಾಗಿ ಹೇಳಿ. ಏನು ಟಕ್ ಟಕ್?"

"ಕಂಪ್ಯೂಟರು ಕಣೋ. ಏಳ್ತಾನೇ ಇಲ್ಲ. ಡಿಸ್ಕ್ ಸಿಗ್ತಿಲ್ಲ ಅಂತಿದೆ."

"ಅಯ್ಯೋ, ಹೋದ್ರೆ ಹೋಗ್ಲಿ ಬಿಡಿ. ಎರಡು ಕಡೆ ಇಡಿ ಅಂತ ಹೇಳಿದ್ನಲ್ಲ, ಇಟ್ಟಿದೀರಲ್ಲ?"

"ಇಟ್ಟಿದೀನಪ್ಪ. ದಿನಾ ಇಟ್ಟಿದೀನಿ. ಒಂದು ಸಿ ಡ್ರೈವಿನಲ್ಲಿ, ಇನ್ನೊಂದು ಡಿ-ಯಲ್ಲಿ."

ಅವನು ಗಾಡಿ ನಿಲ್ಲಿಸಿದ ಸದ್ದು ಕೇಳಿಸಿತು.

"ಅತ್ತಿಗೆ," ಎಂದ ಅವನು ಮೆಲ್ಲಗೆ. "ಸಿ, ಡಿ ಎರಡೂ ಒಂದೇ ಡಿಸ್ಕು. ಒಂದೇ ಬೀರು, ಎರಡು ಖಾನೆ. ಬೀರುಗೇ ಬೆಂಕಿ ಬಿದ್ರೆ..."

"ನೀನು ಆವಾಗ ಹೇಳ್ಲಿಲ್ಲವಲ್ಲೋ."

"ಪೆನ್‌ಡ್ರೈವಿಗೆ ಹಾಕ್ತೀರ ಅಂದ್ಕೊಂಡೆ. ಆಯ್ತು, ಈಗ ಏನೂ ಮಾಡಬೇಡಿ. ಆನ್ ಮಾಡಲೇಬೇಡಿ. ಪಾಳಿ ಮುಗಿಸಿ ಬರ್ತೀನಿ. ಮುಟ್ಟಬೇಡಿ, ಆಯ್ತಾ?"

ಆಯ್ತು ಎಂದಳು. ಗಡಿಯಾರ ನೋಡಿದಳು. ಅವನ ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಸಮಯವೇ ಮುಗಿದಿರುತ್ತದೆ.

ಮುಟ್ಟಬೇಡ ಎಂದ ವಸ್ತುವಿನ ಎದುರು ಒಬ್ಬಳೇ ಕೂತಿರುವುದು ಕಷ್ಟ. ಅದರಲ್ಲೂ ಅವಳ ಕೈಗಳಿಗೆ. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಸಾಸಿವೆಯಷ್ಟು ಸಣ್ಣ ತಿರುಪು ಬಿಗಿಯುವುದು. ಇಂಥ ಕೈ ಊರಲ್ಲೇ ಇಲ್ಲ ಎಂದು ಅಂಗಡಿಯ ಯಜಮಾನ ಗಿರಾಕಿಗಳ ಮುಂದೆ ಹೇಳುತ್ತಾನೆ. ಚೀಲದಲ್ಲಿ ಯಾವಾಗಲೂ ತಿರುಪುಳಿಗಳ ಕಟ್ಟು ಇರುತ್ತದೆ. ಬರೀ ಮುಚ್ಚಳ ತೆಗೆದು ನೋಡುತ್ತೇನೆ, ತಂತಿ ಸಡಿಲವಾಗಿದ್ದರೂ ಆಗಿರಬಹುದು ಎಂದು ತನಗೇ ಹೇಳಿಕೊಂಡಳು. ಡಬ್ಬದ ಮುಚ್ಚಳ ತೆಗೆದಳು. ತಂತಿ ಸರಿಯಾಗೇ ಇತ್ತು. ಡಿಸ್ಕನ್ನು ಹೊರಗೆಳೆದಳು. ಅಂಗೈಗೆ ಭಾರವಾದ, ತಣ್ಣಗಿನ ಲೋಹದ ಪೆಟ್ಟಿಗೆ. ಅದರ ಮೂಲೆಗಳಲ್ಲಿ ನಕ್ಷತ್ರದಂಥ ತಲೆಯ ತಿರುಪುಗಳು. ಅವಳ ಕಟ್ಟಿನಲ್ಲಿ ಅದಕ್ಕೆ ಸರಿಹೊಂದುವ ತಿರುಪುಳಿಯೂ ಇತ್ತು. ಇರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಅನ್ನಿಸಲಿತ್ತು.

ಒಂದು ತಿರುಪು ಮೇಲೆ ಅಂಟಿಸಿದ್ದ ಚೀಟಿಯ ಕೆಳಗೆ ಅಡಗಿತ್ತು. ಬೆರಳ ತುದಿಯಿಂದ ಸವರಿ ಅದನ್ನೂ ಪತ್ತೆಹಚ್ಚಿ, ಚೀಟಿ ಹರಿದು ಬಿಚ್ಚಿದಳು. ಮುಚ್ಚಳ ಎದ್ದಿತು.

ಒಳಗೆ ಕನ್ನಡಿಯಿತ್ತು. ಅಷ್ಟು ಹೊಳೆಯುವ ವಸ್ತುವನ್ನು ಅವಳು ತನ್ನ ಕಸುಬಿನಲ್ಲಿಯೂ ಕಂಡಿರಲಿಲ್ಲ. ತನ್ನ ಹಣೆ, ಹಣೆಯ ಮೇಲಿನ ಬೆವರು ಅದರಲ್ಲಿ ಕಂಡವು. ಅಂಚಿನ ಹತ್ತಿರ ಕೂದಲೆಳೆಯಷ್ಟು ಸಣ್ಣ, ಬಳೆಯಂತೆ ದುಂಡಗಿನ ಒಂದು ಗೀರು, ಅದರ ಸುತ್ತ ಕಂಡೂ ಕಾಣದಷ್ಟು ಬೂದಿಬಣ್ಣದ ಧೂಳು. ಧೂಳು ಕಂಡ ತಕ್ಷಣ ಅವಳ ಕೈ ಅವಳನ್ನು ಕೇಳಲಿಲ್ಲ. ಇಷ್ಟು ವರ್ಷ ಮಾಡಿದ್ದನ್ನೇ ಮಾಡಿತು. ಬಾಯಿ ಹತ್ತಿರ ತಂದಿತು, ಬಾಯಿ ಹಾ ಎಂದು ಬಿಸಿಯುಸಿರು ಬಿಟ್ಟಿತು, ಕೈ ಚೀಲದಿಂದ ಮೆತ್ತನೆಯ ಕನ್ನಡಕದ ಬಟ್ಟೆ ತೆಗೆಯಿತು, ನಡುವಿನಿಂದ ಅಂಚಿಗೆ ದುಂಡಗೆ ಒರೆಸಿತು. ಕನ್ನಡಿ ಇನ್ನಷ್ಟು ಹೊಳೆಯಿತು. ಮತ್ತೆ ಜೋಡಿಸಿ, ತಂತಿ ಸಿಕ್ಕಿಸಿ, ಸ್ವಿಚ್ ಹಾಕಿದಳು.

ಈ ಸಲ ಟಕ್ ಎನ್ನಲೇ ಇಲ್ಲ. ಏನೂ ಇಲ್ಲ. ಆ ನಿಶ್ಶಬ್ದ ಸದ್ದಿಗಿಂತ ಕೆಟ್ಟದಾಗಿತ್ತು.

ಮುಖ್ಯರಸ್ತೆಯ ರಿಪೇರಿ ಅಂಗಡಿಯವನು ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡೇ ಡಿಸ್ಕನ್ನು ತಿರುಗಿಸಿ ನೋಡಿದ. ಹರಿದ ಚೀಟಿ ಕಂಡು ಅಗಿಯುವುದನ್ನು ನಿಲ್ಲಿಸಿದ.

"ಇದನ್ನ ಬಿಚ್ಚಿದ್ದು ಯಾರಮ್ಮ?"

"ನಾನೇ."

"ಬಿಚ್ಚಿ?"

"ಒರೆಸಿದೆ. ಧೂಳಿತ್ತು."

ಅವನು ಬೈಯಬಹುದೆಂದು ಅವಳು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬಿಸ್ಕತ್ತು ನುಂಗಿ, ಕೈ ಒರೆಸಿಕೊಂಡು, ಸ್ಟೂಲು ಅವಳ ಕಡೆ ತಳ್ಳಿದ.

"ಕೂತ್ಕೊಳ್ಳಿ. ಏನಿತ್ತು ಇದರಲ್ಲಿ? ಮದುವೆ ಫೋಟೋನಾ?"

ಅವಳು ಹೇಳಿದಳು. ಅವನು ಡಿಸ್ಕನ್ನು ಮೇಜಿನ ಮೇಲೆ ಮೆಲ್ಲಗಿಟ್ಟ.

"ಮೊದಲ ಟಕ್‌ಗೇ ತಂತಿ ತೆಗೆದು ತಂದಿದ್ರೆ ಏನಾದ್ರೂ ಹೇಳಬಹುದಿತ್ತು. ಇದರೊಳಗೆ ಉಸಿರೂ ತಾಗಬಾರದು. ಒಂದು ದೊಡ್ಡ ಲ್ಯಾಬಿದೆ, ಕಳಿಸಿ ನೋಡ್ತೀನಿ. ವಾರಗಟ್ಟಲೆ ಆಗುತ್ತೆ. ಆದ್ರೆ ಆಸೆ ಇಟ್ಕೋಬೇಡಿ. ಒರೆಸಿದ ಜಾಗದಲ್ಲಿ ಇದ್ದದ್ದು ಹೋಯ್ತು ಅಂತಲೇ ತಿಳ್ಕೊಳ್ಳಿ."

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗವಿತ್ತು, ಕೂರಲಿಲ್ಲ. ಕಂಬ ಹಿಡಿದು ನಿಂತು ಹೇಳುವುದು, ಹೇಳದಿರುವುದು ಎಂಬ ಎರಡು ದಾರಿಗಳನ್ನೂ ಮನಸ್ಸಿನಲ್ಲೇ ಮತ್ತೆ ಮತ್ತೆ ನಡೆದು ನೋಡಿದಳು. ಹೇಳಿದರೆ ಅವನು ಮಂಚದಿಂದಿಳಿದು ಮನೆಗೆ ಬರುತ್ತಾನೆ, ಅವನ ಹಟ ಅವಳಿಗೆ ಗೊತ್ತು. ಆ ಗಂಟು ಯಾರಿಗೂ ಕಾಯುವುದಿಲ್ಲ. ಹೇಳದಿದ್ದರೆ ನಾಳೆ ಅವನು ಒಳಗೆ ಹೋಗುತ್ತಾನೆ, ಬದುಕುತ್ತಾನೆ, ಕಣ್ಣು ಬಿಟ್ಟು ಬೆರಳಲ್ಲಿ ಏನೋ ಬರೆದು ತನ್ನ ದನಿಗಾಗಿ ಕಿವಿಗೊಟ್ಟು ಕಾಯುತ್ತಾನೆ. ಫೋನಿಗೆ ಪೂರ್ತಿ ತುಂಬಿಲ್ಲ, ನಾಳೆ ತರುತ್ತೇನೆ ಎಂದರಾಯಿತು. ನಾಳೆ ಎಂದರೆ ಸಾಕು. ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆಗೆ ಒಯ್ಯುವ ತಳ್ಳುಗಾಡಿ ಬಂದುಬಿಡುತ್ತದೆ.

ಅವನು ಮಂಚದ ಮೇಲೆ ಒರಗಿ, ದಾರಿ ನೋಡುತ್ತಲೇ ಇದ್ದ.

"ಬಂದ್ಯಾ. ಇಲ್ಲಿ ಎಲ್ರೂ ನನ್ನ ಬಾಯಿಗೆ ಬೀಗ ಹಾಕಿದಾರೆ. ಮಾತಾಡಬೇಡ ಅಂತೆ. ನಾಳೆಯಿಂದ ಹೇಗೂ ಇಲ್ಲ, ಇವತ್ತೂ ಬೇಡ ಅಂದ್ರೆ ಹೆಂಗೆ?" ದನಿ ಒಡೆದು ಗೊರಗೊರ ಎನ್ನುತ್ತಿತ್ತು. "ಎಲ್ಲಿ, ಹಾಕು. ಹಡಗು ಹಾಕು."

ಅವಳು ಚೀಲದಲ್ಲಿ ಫೋನು ಹುಡುಕಿದಳು. ಫೋನು ಕೈಗೆ ಸಿಕ್ಕಿದ ಮೇಲೂ ಹುಡುಕುತ್ತಲೇ ಇದ್ದಳು.

"ಏನೇ?"

"ರೀ... ನಾಳೆ..." ಎಂದಳು.

ಅವನು ಅವಳ ಮುಖ ನೋಡಿದ. ಕಣ್ಣಿನ ಒಂದು ಮಿಟುಕಿನಿಂದ ಗಿರಾಕಿಯ ಮನಸ್ಸು ಓದಿ ಬದುಕಿದವನು. "ಹೋಯ್ತಾ?" ಎಂದ.

ಅವಳು ತಲೆಯಾಡಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು, ಸಿ, ಡಿ, ತಿರುಪು, ಬಟ್ಟೆ. "ನನ್ನ ಕೈಯಾರೆ ಒರೆಸಿಬಿಟ್ಟೆ ರೀ" ಎಂದಳು.

ಅವನು ಗೋಡೆಯ ಕಡೆ ತಿರುಗಿದ. ಪಕ್ಕದ ಮಂಚದವರ ಔಷಧದ ನೀರು ತೊಟ್ಟಿಕ್ಕುತ್ತಿತ್ತು. ಅವನು ಬೈಯಲಿ, ಕೂಗಲಿ, ವಾರ್ಡೇ ಎದ್ದು ನೋಡುವಂತೆ ಕೂಗಲಿ ಎಂದು ಅವಳು ಬೇಡಿಕೊಂಡಳು. ಅವನು ಕಾಲು ಕೆಳಗಿಳಿಸಿದ.

"ಚಪ್ಪಲಿ ಎಲ್ಲಿ?"

"ರೀ, ಬೇಡ. ಡಾಕ್ಟರು ಏನಂದಿದಾರೆ ಮರ್ತ್ರಾ? ಕಾಲಿಗೆ ಬೀಳ್ತೀನಿ."

"ಚಪ್ಪಲಿ ಕೊಡು ಅಂದೆ."

ಅವನು ಚಪ್ಪಲಿ ಮೆಟ್ಟಿ ನಡೆದೇಬಿಟ್ಟ. ಅವಳು ಅವನ ಅಂಗಿಯ ತುದಿ ಹಿಡಿದು ಹಿಂದೆಯೇ ಓಡಿದಳು. ಮೆಟ್ಟಿಲು ಹತ್ತಿರವಾಯಿತು. ಆದರೆ ಅವನು ಮೆಟ್ಟಿಲು ಇಳಿಯಲಿಲ್ಲ. ಒಂದು ಬಾಗಿಲು ತಳ್ಳಿ ನೋಡಿದ, ಮುಚ್ಚಿದ. ಇನ್ನೊಂದಕ್ಕೆ ಕಿವಿಯಿಟ್ಟ. ಮೂಲೆಯ ಬಾಗಿಲೊಳಗೆ ಒಗೆದ ದುಪ್ಪಟಿ, ದಿಂಬುಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. ಒಳಗೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿದ. ಬಟ್ಟೆ ಸದ್ದನ್ನು ನುಂಗಿಕೊಂಡಿತು.

"ಇಲ್ಲಿ ಗದ್ದಲ ಇಲ್ಲ. ಬಾಗಿಲು ಹಾಕು. ಫೋನು ತೆಗಿ."

ಅವಳಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. "ಓದೋಕೆ ವಾಕ್ಯ ಎಲ್ಲಾ ಅದರಲ್ಲೇ ಇತ್ತು ರೀ."

"ಅವರ ಹಡಗು ಮುಳುಗ್ಲಿ. ಬಾಯಿಗೆ ಬಂದದ್ದು ಆಡ್ತೀನಿ. ನೀನು ಎದುರು ಮಾತಾಡು. ಎದುರಿಗೆ ಗಿರಾಕಿ ಇಲ್ದೆ ನನ್ನ ದನಿ ಏಳಲ್ಲ."

"ರೀ, ಆನ್ ಆಯ್ತು" ಎಂದಳು.

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು ದಿಂಬೊಂದನ್ನು ಎತ್ತಿ ಹಿಡಿದ. "ಬನ್ನಿ, ಬನ್ನಿ, ಒಳ್ಳೇ ದಿಂಬು! ತಲೆ ಇದ್ದೋರಿಗೆ ಮಾತ್ರ! ಏನಮ್ಮ, ಮುಖ ಯಾಕೆ ಹಂಗಿಟ್ಕೊಂಡಿದೀಯ, ಎಷ್ಟು ಹೇಳ್ತೀಯ?"

"ಹತ್ತು," ಎಂದಳು ಅಳುತ್ತ.

"ಹತ್ತಾ! ಹತ್ತಕ್ಕೆ ಇದರ ಗವಸೂ ಬರಲ್ಲ ತಾಯಿ. ಗಂಡನ್ನ ಮಾರಿ ಬಂದೋಳ ಹಾಗೆ ಬೆಲೆ ಹೇಳ್ತಾಳೆ ನೋಡಿ!"

ಅವನು ದಿಂಬು ಮಾರಿದ, ದುಪ್ಪಟಿ ಮಾರಿದ. ಬಾಗಿಲಲ್ಲಿ ಯಾರು ಎಂದು ಕೇಳಿದ, ಊಟವಾಯಿತೇ ಎಂದ, ಉಪ್ಪು ಕಡಿಮೆ ಎಂದು ರೇಗಿದ, ಅವಳ ಅಣ್ಣನ ನಡಿಗೆಯನ್ನು ಆಡಿಕೊಂಡ, ಮಂಡಿಯವರ ಹೆಸರುಗಳನ್ನೆಲ್ಲ ಹಿಡಿದು ಕರೆದ. ನಡುನಡುವೆ ದನಿ ಜಾರಿ ಬರೀ ಗಾಳಿಯಾಗುತ್ತಿತ್ತು. ಆಗೆಲ್ಲ ಅವಳು ಸಾಕು ಎನ್ನಲು ಬಾಯಿ ತೆರೆಯುತ್ತಿದ್ದಳು. ಸಾಕೆಂದರೆ ಇಷ್ಟೇ ಆಗಿಬಿಡುತ್ತದೆ ಎಂಬ ಭಯಕ್ಕೆ ಮುಚ್ಚಿಕೊಳ್ಳುತ್ತಿದ್ದಳು. ಸದ್ದು ಕೇಳಿ ಬಂದ ನರ್ಸು ಬಾಗಿಲು ತೆರೆದು, "ಏನ್ರೀ ಇದು, ನಿಮಗೆ..." ಎಂದವಳು ಫೋನಿನ ಕೆಂಪು ಚುಕ್ಕೆ ಕಂಡು ಅಲ್ಲೇ ನಿಂತಳು. ಆಮೇಲೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಕೊನೆಗೆ ಅವನ ತುಟಿ ಆಡಿತು, ಏನೂ ಹೊರಡಲಿಲ್ಲ. ಅವನು ಕೈಯಲ್ಲಿ ಸನ್ನೆ ಮಾಡಿದ: ನಿಲ್ಲಿಸು.

"ಇಷ್ಟು ಸಾಲುತ್ತೇನ್ರೀ?"

ಅವನು ಗೊತ್ತಿಲ್ಲವೆಂದು ಭುಜ ಕುಣಿಸಿದ.

ಅಲ್ಲಿ ಸಿಗ್ನಲ್ ಇರಲಿಲ್ಲ. ಇಬ್ಬರೂ ಪಡಸಾಲೆಯ ಕಿಟಕಿಗೆ ಬಂದರು. ಅವಳು ಅದನ್ನು ಮೈದುನನಿಗೆ ಕಳಿಸಿದಳು, ಚಿಕಿತ್ಸೆಯಾಕೆಗೆ ಕಳಿಸಿದಳು, ಅಂಗಡಿಯ ಯಜಮಾನನಿಗೂ ಕಳಿಸಿದಳು. ಪರದೆಯ ಮೇಲಿನ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಎಲ್ಲಿ ನಿಂತುಬಿಡುತ್ತದೋ ಎಂದು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹೋಯಿತು. ಮೈದುನನಿಗೆ ಫೋನು ಮಾಡಿದಳು.

"ಬಂದಿದೆ ಅತ್ತಿಗೆ. ಇಟ್ಕೋತೀನಿ."

"ಇಟ್ಕೊಳ್ಳೋದಲ್ಲ, ಈಗಲೇ ತೆಗೆದು ಕೇಳು. ಪೂರ್ತಿ ಕೇಳುತ್ತಾ ನೋಡು."

ಅವನು ಕೇಳುವಷ್ಟೂ ಹೊತ್ತು ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಆಮೇಲೆ ಫೋನು ಬಂತು.

"ಅತ್ತಿಗೆ, ಅಣ್ಣ ಯಾಕೆ ದಿಂಬು ಮಾರ್ತಿದಾನೆ?"

ಗಂಡ ಅದನ್ನು ಕೇಳಿಸಿಕೊಂಡು ಏನೋ ಹೇಳಹೋದ. ಬರೀ ಉಸಿರು ಬಂತು. ಅವನು ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, ತಾನಾಗಿಯೇ ವಾರ್ಡಿಗೆ ನಡೆದು, ಚಪ್ಪಲಿ ಬಿಟ್ಟು ಮಂಚ ಹತ್ತಿದ. ನರ್ಸು ಸೂಜಿ ಹಿಡಿದು ಬಂದಾಗ ಕೈ ಚಾಚಿಕೊಟ್ಟ.

ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಳು. ಫೋನಿನ ಬ್ಯಾಟರಿ ಕೆಂಪಾಗುತ್ತಿತ್ತು, ಗೋಡೆಯ ಪ್ಲಗ್ಗು ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ಇದಕ್ಕೂ ಏನಾದರೂ ಆದೀತೆಂದು ಅದನ್ನು ಚಾರ್ಜಿಗೆ ಹಾಕಲೂ ಹೆದರಿ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.