ತೋಳಿನ ರೂಪಾಯಿ

ಡಬ್ಬಿಯನ್ನು ಅತ್ತೆಯೇ ತೆಗೆದಳು. ಮಸರತ ಒಲೆಯ ಮುಂದಿನಿಂದ ಎದ್ದು ಬರುವುದರೊಳಗೆ ಹಜರಾಬಿ ಆ ಹಳೆಯ ಬಿಸ್ಕಿಟಿನ ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ್ದಳು. ಅರವತ್ತು ಚಿಲ್ಲರೆ ಬೆಳ್ಳಿ ರೂಪಾಯಿಗಳನ್ನು ಎರಡೂ ಕೈಯಿಂದ ಬಾಚಿ ಬಟ್ಟೆಯ ಚೀಲಕ್ಕೆ ತುಂಬಿ ಬಾಯಿ ಕಟ್ಟಿಯೂ ಆಗಿತ್ತು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು. ಬಾಚುವ ಅವಸರದಲ್ಲಿ ಯಾವ ನಾಣ್ಯ ಯಾವುದೆಂದು ಅವಳು ನೋಡಿರಲಿಲ್ಲ. ಮಸರತಳಿಗೆ ಮಾತ್ರ ಗೊತ್ತಿತ್ತು, ಅದೊಂದು ರೂಪಾಯಿಯೂ ಆ ಚೀಲದಲ್ಲೇ ಇದೆ ಎಂದು.

"ನಡಿ ಬೇಟಿ, ಪತ್ತಾರ ಅಂಗಡಿ ತೆರದಿರ್ತಾನ," ಅಂದಳು ಹಜರಾಬಿ.

"ನಾಳೆ ಹೋಗೂಣು ಅಮ್ಮೀ."

"ನಾಳೆ ಯಾಕ? ಹ್ವಾದಂವಗ ನೀರ ಬ್ಯಾಡೇನು?"

ಮಸರತ ಬುರ್ಖಾ ಹಾಕಿಕೊಂಡಳು. ಗಂಡ ಏಜಾಜ ಸತ್ತ ಮೇಲಿನ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಹಿಂದಿನ ವಾರ ಮುಗಿದಿತ್ತು. ಅವಳು ಹೊಸ್ತಿಲು ದಾಟುತ್ತಿದ್ದುದು ಅಂದೇ ಮೊದಲು. ಮಗ ಕೂಡಿಟ್ಟ ರೂಪಾಯಿಗಳನ್ನು ಕರಗಿಸಿ, ಬಂದದ್ದರಲ್ಲಿ ಕಬರಸ್ತಾನದ ಬಾಗಿಲಿಗೆ ಒಂದು ನೀರಿನ ಟಾಕಿ ಕಟ್ಟಿಸಬೇಕೆಂದು ಹಜರಾಬಿ ನಿಶ್ಚಯಿಸಿದ್ದಳು. ಮಣ್ಣೂರಿನಲ್ಲಿ ಭೀಮಾ ನದಿಯ ದಂಡೆಯ ಮೇಲೆ ಬೆಳೆದವಳು. ಸತ್ತವರ ಹೆಸರಿನಲ್ಲಿ ನೀರು ಕೊಡುವುದಕ್ಕಿಂತ ದೊಡ್ಡದು ಅವಳಿಗೆ ಬೇರೆ ಕಾಣುತ್ತಿರಲಿಲ್ಲ. ಮನೆಮಾತು ಉರ್ದುವಾದರೂ ಸಿಟ್ಟೂ ದುಃಖವೂ ಅವಳಿಗೆ ಬರುತ್ತಿದ್ದುದು ಕನ್ನಡದಲ್ಲೇ.

ಏಜಾಜ ಆಳಂದದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ಪಂಪು ಬಿಚ್ಚಲು ಹೋದಾಗಲೆಲ್ಲ ಮೊದಲು ಬೆಳ್ಳಿ-ಬಂಗಾರದ ಪತ್ತಾರನ ಅಂಗಡಿ ಹುಡುಕುತ್ತಿದ್ದ. ಕರಗಿಸಲು ಬಂದ ಬೆಳ್ಳಿಯ ರಾಶಿಯಲ್ಲಿ ಕೈಯಾಡಿಸಿ, ಉಳಿದವರು ಮೂಗು ಮುರಿಯುವಂಥ ನಾಣ್ಯಗಳನ್ನೇ ಆರಿಸುತ್ತಿದ್ದ. ನಿಜಾಮನ ಹಾಲಿ ಸಿಕ್ಕಾ, ರಾಣಿ ಛಾಪಿನ ರೂಪಾಯಿ. ಆದರೆ ಸವೆದು ಸವೆದು ಮೇಲೆ ಚಾರ್‌ಮಿನಾರವೂ ಇಲ್ಲ, ರಾಣಿಯೂ ಇಲ್ಲ. ನುಣುಪಾದ ಬಿಲ್ಲೆ, ಅಷ್ಟೇ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದ ಮಸರತ ಮದುವೆಯ ಹೊಸದರಲ್ಲಿ ನಕ್ಕಿದ್ದಳು. "ಇಸ್ವಿ ಕಾಣದ ನಾಣ್ಯ ತಗೊಂಡು ಏನ್ ಮಾಡ್ತೀರಿ?"

"ಛಾಪು ಉಳದದ್ದು ತಿಜೋರ್ಯಾಗ ಮಲಗಿದ್ದು. ಇದು ದುಡದದ್ದು. ಎಷ್ಟ ಮಂದಿ ಕೈಯಾಗ ಹಾದು ಬಂದ್ರ ಹಿಂಗಾಗ್ತದ, ನೀ ಓದಿದಾಕಿ, ಹೇಳು."

ಅವನು ಅವಳಿಗೆ ಕಲಿಸಿದ. ಕಿಟಕಿಯ ಬೆಳಕಿಗೆ ನಾಣ್ಯವನ್ನು ಓರೆಯಾಗಿ ಹಿಡಿಯಬೇಕು, ಉಸಿರು ಬಿಗಿಹಿಡಿದು ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಎಲ್ಲೋ ಒಂದು ಕಡೆ ಅಕ್ಷರದ ಬಾಲ, ಮಿನಾರದ ಒಂದು ಕಾಲು ಎದ್ದು ಮತ್ತೆ ಮುಳುಗುತ್ತದೆ. "ಸಿಕ್ತು," ಎನ್ನುತ್ತಿದ್ದ ಸಣ್ಣ ದನಿಯಲ್ಲಿ, ಸಂತೆಯಲ್ಲಿ ಬೀಗರನ್ನು ಗುರುತಿಸಿದವನ ಹಾಗೆ. ಎರಡನೆಯ ವರ್ಷಕ್ಕೆ ಮಸರತಳ ಹೆಬ್ಬೆರಳೂ ಓದತೊಡಗಿತ್ತು. ಎಲ್ಲ ಕಾಣುವ ನಾಣ್ಯವನ್ನು ಒಮ್ಮೆ ನೋಡಿ ಇಟ್ಟರೆ ಮುಗಿಯಿತು. ಸವೆದದ್ದನ್ನು ಪ್ರತಿಸಲವೂ ಹೊಸದಾಗಿ ಹುಡುಕಬೇಕು.

ಎಲ್ಲಕ್ಕಿಂತ ಹೆಚ್ಚು ಸವೆದದ್ದು ಹಜರಾಬಿಯ ತವರಿನದು. ಅವಳ ಅಜ್ಜಿ, ತಾಯಿ, ಅವಳು, ಹೀಗೆ ಮೂವರ ಎದೆಯ ಮೇಲೆ ಸರದಲ್ಲಿ ತೂಗಿ, ಎರಡೂ ಮುಖ ಬೋಳಾಗಿತ್ತು. ಸರದ ಕೊಂಡಿ ಮುರಿದ ಕಡೆ ಅಂಚಿನಲ್ಲಿ ಎಳ್ಳಿನಷ್ಟು ಬೆಸುಗೆ ಉಳಿದಿತ್ತು. ಚಿಕ್ಕವನಿದ್ದಾಗ ಏಜಾಜ ಅದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದ. ಅವನ ಹುಚ್ಚು ಶುರುವಾದದ್ದು ಅದರಿಂದ.

ಸೊಲ್ಲಾಪುರದಲ್ಲಿ ನಾಣ್ಯ ಕೂಡಿಡುವವರೆಲ್ಲ ಸೇರುತ್ತಾರೆಂದು ಅವನು ಗೆಳೆಯನ ಕಾರಿನಲ್ಲಿ ಹೊರಟ ಬೆಳಿಗ್ಗೆ ಹಜರಾಬಿ ಅದೇ ರೂಪಾಯಿಯನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಅವನ ಬಲತೋಳಿಗೆ ಕಟ್ಟಿದಳು. ಪ್ರಯಾಣ ಹೊರಟವರಿಗೆ ಹಾಗೆ ಕಟ್ಟುವುದು ಇಮಾಮ್ ಜಾಮಿನ್. ಸುಖವಾಗಿ ಮರಳಿ ಬಂದ ಮೇಲೆ ಆ ನಾಣ್ಯವನ್ನು ಬಡವರಿಗೆ ಕೊಟ್ಟುಬಿಡಬೇಕು.

"ಐದರ ಬಿಲ್ಲೆ ಕಟ್ಟಿದ್ರ ಸಾಕಿತ್ತಲ್ಲ ಅಮ್ಮೀ," ಅಂದ ಏಜಾಜ.

"ಐದ ರೂಪಾಯಿಗೆ ಯಾರ ಜೀವಾ ಕಾಯ್ತಾರೋ? ಕೊಡೂದಿದ್ರ ಪ್ರೀತೀದೇ ಕೊಡಬೇಕು."

ಓಣಿಯ ತಿರುವಿನವರೆಗೆ ಹೋದವನು ಫೋನಿನ ಚಾರ್ಜರ್ ಮರೆತೆನೆಂದು ವಾಪಸು ಬಂದ. ಅಡುಗೆಮನೆಯಲ್ಲಿ ಮಸರತಳ ಮುಂದೆಯೇ ಗಂಟು ಬಿಚ್ಚಿದ. ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು ರೂಪಾಯಿಯನ್ನು ಅವಳ ಕೈಗಿಟ್ಟ. "ಬಂದ ಮ್ಯಾಲ ಇದನ್ನ ಕೊಡಾಕ ನನ್ನ ಕೈಲೆ ಆಗೂದಿಲ್ಲ. ಡಬ್ಬ್ಯಾಗ ಇಡು. ಅಮ್ಮಿಗೆ ಹೇಳಬ್ಯಾಡ."

"ಹುಚ್ಚ ಹಿಡದದ ನಿಮಗ," ಎಂದು ಅವಳು ನಕ್ಕಳು. ಗೋಡೆಯ ಗೂಡಿನಲ್ಲಿ ಅವಳ ಪರ್ಸಿತ್ತು. ಅದರಲ್ಲಿ ಐದರ ಬಿಲ್ಲೆಗಳೂ ಇದ್ದವು.

ಎರಡು ತಾಸಿನೊಳಗೆ ಫೋನ್ ಬಂತು. ಮಂಜಿನಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರು.

ಹೆಣ ಮನೆಗೆ ಬಂದಾಗ ಹಜರಾಬಿ ಮೊದಲು ಮುಟ್ಟಿ ನೋಡಿದ್ದು ಬಲತೋಳನ್ನು. ಅಲ್ಲಿ ಏನೂ ಇರಲಿಲ್ಲ. ಯಾರೋ ರಸ್ತೆಯಲ್ಲೇ ಬಿಚ್ಚಿಕೊಂಡರು ಅಂದಳು. ಅಂದಿನಿಂದ ಐದು ಹೊತ್ತಿನ ನಮಾಜಿನ ಕೊನೆಗೂ ಆ ಕಳ್ಳನಿಗೆ ಒಂದು ಶಾಪ. ಮಗ ಕಾವಲಿಲ್ಲದೆ ಹೋಗಲಿಲ್ಲ, ತಾನು ಕಟ್ಟಿ ಕಳಿಸಿದ್ದೆ ಎಂಬುದೊಂದನ್ನು ಹಿಡಿದುಕೊಂಡು ಅವಳು ಉಣ್ಣುತ್ತಿದ್ದಳು, ಏಳುತ್ತಿದ್ದಳು. ಮಸರತ ಪ್ರತಿ ಸಲವೂ ಕೇಳಿಸಿಕೊಂಡಳು. ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ದವಡೆಯಂತೆ ಎಲ್ಲವೂ ದಪ್ಪಗಾಗಿತ್ತು.

ಅಂಗಡಿಯಲ್ಲಿ ಕಲ್ಲಿನಾಥ ಪತ್ತಾರ ಇಬ್ಬರಿಗೂ ಸ್ಟೂಲು ಹಾಕಿದ.

"ಬರ್ರಿ ಅಮ್ಮಾ. ನಿಮ್ಮ ಮಗಾ ಇದೇ ಸ್ಟೂಲಿನ ಮ್ಯಾಲ ಕೂತು ನನ್ನ ತಲಿ ತಿಂತಿದ್ದ್ರಿ. ಊರ ಮಂದಿ ಚಾರ್‌ಮಿನಾರ ನಿಂತಿದ್ದು ಕೇಳಿದ್ರ ಈ ಮನಶಾ ಬಿದ್ದಿದ್ದು ಕೇಳಾಂವ."

"ನೀವೇ ಕೆಡಿಸಿದ್ರಿ ಅವನ್ನ," ಅಂದಳು ಹಜರಾಬಿ. ತುಸು ನಕ್ಕಳು ಕೂಡ.

ಚೀಲವನ್ನು ಸುರಿಯಲು ಅವಳು ಬಿಡಲಿಲ್ಲ. ಮಗನ ಕೈ ಮುಟ್ಟಿದ್ದು, ತನ್ನ ಕೈಯಿಂದಲೇ ಹೋಗಬೇಕು ಎಂದು ಒಂದೊಂದನ್ನೇ ತೆಗೆದು, ಬಿಸ್ಮಿಲ್ಲಾ ಅಂದು ತಕ್ಕಡಿಯ ತಟ್ಟೆಗೆ ಇಡತೊಡಗಿದಳು. ಮಸರತ ಅತ್ತೆಯ ಹೆಬ್ಬೆರಳನ್ನೇ ನೋಡುತ್ತ ಕುಳಿತಳು. ಪ್ರತಿ ನಾಣ್ಯದ ಮೇಲೂ ಅದು ಒಮ್ಮೆ ಸುತ್ತಿ ಬರುತ್ತಿತ್ತು.

ಮೂವತ್ತು ದಾಟಿರಬೇಕು. ಹೆಬ್ಬೆರಳು ನಿಂತಿತು. ಅಂಚಿಗೆ ಹೋಯಿತು, ಬೆಸುಗೆಯ ಮೇಲೆ ಹಾದು, ಮತ್ತೆ ಅಲ್ಲಿಗೇ ಬಂತು. ಬಿಸ್ಮಿಲ್ಲಾ ಹೊರಡಲಿಲ್ಲ.

"ಅಮ್ಮೀ," ಅಂದಳು ಮಸರತ. ತನ್ನ ದನಿ ಇಷ್ಟು ಸಪಾಟಾಗಿ ಬರುವುದು ಅವಳಿಗೇ ವಿಚಿತ್ರವೆನಿಸಿತು. "ಅದು ಅದೇ ಅದ. ಯಾರೂ ಕದ್ದಿಲ್ಲ. ಅವರು ತಿರುಗಿ ಬಂದು ಬಿಚ್ಚಿಟ್ಟು ಹೋದ್ರು. ಕೊಡಾಕ ಮನಸಾಗಲಿಲ್ಲ ಅವರಿಗೆ. ನಾನಽ ಡಬ್ಬ್ಯಾಗ ಇಟ್ಟೆ. ಬ್ಯಾರೆ ಕಟ್ಟಲಿಲ್ಲ."

ಕಲ್ಲಿನಾಥ ಕುಲುಮೆಯ ಕಡೆ ಮುಖ ತಿರುಗಿಸಿ ಇಕ್ಕಳ ಹುಡುಕತೊಡಗಿದ.

ಹಜರಾಬಿ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದಳು. ಎದೆಯ ಹತ್ತಿರ ಒಯ್ದಳು, ಒಯ್ದದ್ದು ಗೊತ್ತಾಗಿ ಕೆಳಗಿಳಿಸಿದಳು.

"ಇದು ಅಲ್ಲ," ಅಂದಳು.

"ಅಮ್ಮೀ, ಅಂಚ ನೋಡ್ರಿ."

"ನನ್ನ ತಾಯಿ ರೂಪಾಯಿ ನನಗ ಗೊತ್ತಿಲ್ಲೇನು? ಅದು ಇನ್ನೂ ಸವದಿತ್ತು." ಮುಷ್ಟಿ ಬಿಚ್ಚಿ ತಟ್ಟೆಗೆ ಇಟ್ಟಳು. "ಬಿಸ್ಮಿಲ್ಲಾ."

ಉಳಿದವೂ ಹೋದವು. ಕಲ್ಲಿನಾಥ ತೂಕ ಹೇಳಿದ. ಆಮೇಲೆ ಮೆಲ್ಲಗೆ, "ತಂಗಿ, ಒಂದಾದ್ರೂ ನೆನಪಿಗೆ ಇಟ್ಕೊಳ್ರಿ," ಎಂದ. ಮಸರತ ಅತ್ತೆಯ ಕಡೆ ನೋಡಿದಳು. ಹಜರಾಬಿ ಗೋಡೆ ನೋಡುತ್ತಿದ್ದಳು. ಮಸರತ ಬೇಡವೆಂದು ತಲೆಯಾಡಿಸಿದಳು. ಅವನು ಎಲ್ಲವನ್ನೂ ಮೂಸೆಗೆ ಹಾಕಿದ.

ವಾಪಸು ಬರುವಾಗ ಬಿಸಿಲು ಏರಿತ್ತು. ಮುದುಕಿ ಸೊಸೆಯ ತೋಳು ಹಿಡಿದುಕೊಂಡು ನಡೆಯುತ್ತಿದ್ದಳು. ಓಣಿಯ ತಿರುವಿನಲ್ಲಿ ನಿಂತಳು.

"ನನ್ನ ಮಗನ ತೋಳಿಂದ ಬಿಚ್ಚಿಕೊಂಡಾನಲ್ಲ, ಅವನ ಕೈಗೆ ಹುಳಾ ಬೀಳ್ಲಿ."

ಮಸರತ ಮುಂದೆ ಹೆಜ್ಜೆ ಇಡಲು ಹೋದಳು, ಅತ್ತೆ ತೋಳು ಬಿಡಲಿಲ್ಲ.

"ನೀನೂ ಅನ್ನು."

"ಅಮ್ಮೀ…"

"ಇಷ್ಟ ದಿನಾ ಒಬ್ಬಾಕೀನಽ ಅಂದೆ. ಅನ್ನು ಬೇಟಿ."

"ಹುಳಾ ಬೀಳ್ಲಿ," ಅಂದಳು ಮಸರತ.

"ಕೈಗೆ ಅನ್ನು."

"ಕೈಗೆ ಹುಳಾ ಬೀಳ್ಲಿ."

ಹಜರಾಬಿ ಹೂಂ ಎಂದು ಮತ್ತೆ ಹೆಜ್ಜೆ ಹಾಕಿದಳು.